ನಾಲ್ಕನೇ ಗುರುವಾರ

ಹಂದಿಜ್ವರದ ವರ್ಷ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಒಂದು ಕಟ್ಟು ಭಿತ್ತಿಪತ್ರ ಬಂತು. ಮೂಗಿಗೆ ಕರವಸ್ತ್ರ ಹಿಡಿದ ಒಬ್ಬ ಮನುಷ್ಯನ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಜನಸಂದಣಿಯಿಂದ ದೂರವಿರಿ’. ಜಾವಳಿ ಸುತ್ತಿನ ಎಸ್ಟೇಟುಗಳಲ್ಲೆಲ್ಲ ಇದನ್ನು ಅಂಟಿಸಬೇಕೆಂದು ಆದೇಶ. ನಾನು ಮೈದಾ ಅಂಟಿನ ಡಬ್ಬಿ ಹಿಡಿದುಕೊಂಡು ಮೊದಲು ಲೈನಿಗೆ ಹೋದೆ. ಲೈನು ಅಂದರೆ ಎಸ್ಟೇಟಿನ ಕೆಲಸದವರಿಗೆಂದು ಒಂದೇ ಮಾಡಿನ ಕೆಳಗೆ ಕಟ್ಟಿದ ಕೋಣೆಗಳ ಸಾಲು. ಈ ಕೋಣೆಯ ಗೋಡೆಯೇ ಆ ಕೋಣೆಗೂ ಗೋಡೆ. ನಾನು ಕಾಗದ ಅಂಟಿಸುವುದನ್ನು ನೋಡಲು ಹನ್ನೆರಡು ಬಾಗಿಲುಗಳಿಂದಲೂ ಜನ ಹೊರಗೆ ಬಂದರು. ಜನಸಂದಣಿಯಿಂದ ದೂರವಿರಿ ಎಂದು ಓದಲು ಅಲ್ಲೊಂದು ಜನಸಂದಣಿಯೇ ಸೇರಿತು. ನನಗೆ ನಗು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಲ್ಲಿಂದ ಗುಡ್ಡ ಹತ್ತಿ ಎಸ್ಟೇಟಿನ ಯಜಮಾನರ ಮನೆಗೆ ಹೋದೆ. ಅವರ ಮನೆಯವರು, ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದವರು, ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ಕಾಫಿ ಕೊಟ್ಟು ಕೂರಿಸಿದರು.

“ನೋಡಿ ಸಿಸ್ಟರ್, ಹೊರದೇಶದಲ್ಲಿ ಸರ್ಕಾರ ಒಂದು ಮಾತು ಹೇಳಿದ್ರೆ ಜನ ಹಾಗೇ ಮಾಡ್ತಾರಂತೆ. ನಮ್ಮಲ್ಲಿ ಜನ ಜಾಸ್ತಿ, ಮಾತು ಕೇಳೋರು ಕಮ್ಮಿ. ಈ ದೇಶಕ್ಕೆ ಯಾವ ರೋಗ ಬಂದ್ರೂ ಕಷ್ಟವೇ” ಅಂದರು.

ನಾನು ಹೂಂ ಅಂದೆ. ಕಾಫಿ ಕುಡಿದೆ. ಹತ್ತು ಹನ್ನೆರಡು ವರ್ಷದ ಹಿಂದಾಗಿದ್ದರೆ ಅವರಿಗಿಂತ ಜೋರಾಗಿ ನಾನೇ ಈ ಮಾತು ಹೇಳುತ್ತಿದ್ದೆ. ಹೇಳಿಯೂ ಇದ್ದೆ, ಇದೇ ಜಗುಲಿಯ ಮುಂದೆ. ಆಮೇಲೆ ನಡೆದದ್ದನ್ನು ಇಷ್ಟು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಈಗ ಕೆಲಸದಿಂದ ನಿವೃತ್ತಳಾಗಿದ್ದೇನೆ, ಹೆದರಲು ಮೇಲಧಿಕಾರಿಗಳಿಲ್ಲ. ಆದರೂ ಬರೆಯಲು ಕೂತರೆ ಮೊದಲ ಸಾಲನ್ನೇ ಮತ್ತೆ ಮತ್ತೆ ಹೊಡೆದುಹಾಕುತ್ತೇನೆ.

ನಾನು ಆಲ್ದೂರಿನವಳು. ಕಿರಿಯ ಆರೋಗ್ಯ ಸಹಾಯಕಿಯಾಗಿ ಈ ಕಡೆ ಬಂದಾಗ ನನಗೆ ಇಪ್ಪತ್ತಾರು ವರ್ಷ, ಮೂಗಿನ ತುದಿಯಲ್ಲಿ ಸಿಟ್ಟು. ನಿಯಮ ಅಂದರೆ ನಿಯಮ ಎನ್ನುವ ಜಾತಿ ನನ್ನದು. ಕೈ ತೊಳೆಯದೆ ಮಗು ಎತ್ತಿಕೊಂಡವರಿಗೆ ಬೈಯುತ್ತಿದ್ದೆ, ಕಾರ್ಡು ಮರೆತು ಬಂದವರನ್ನು ಮೂರು ಮೈಲಿ ವಾಪಸ್ಸು ಕಳಿಸುತ್ತಿದ್ದೆ. ನನ್ನ ರಿಜಿಸ್ಟರುಗಳನ್ನು ಮೂಡಿಗೆರೆಯ ಮೀಟಿಂಗಿನಲ್ಲಿ ಎತ್ತಿ ತೋರಿಸಿ, “ಹೀಗಿರಬೇಕು” ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ನನ್ನ ತಲೆಗೆ ಏರಿತ್ತು.

ಅದೇ ಮೀಟಿಂಗಿನಲ್ಲಿ ಇನ್ನೊಂದು ಮಾತೂ ಹೇಳುತ್ತಿದ್ದರು. ನಿಮಗೇನು ಬಿಡಿ, ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳಿಸದ ಊರು, ಸಾಂಕ್ರಾಮಿಕ ಹರಡಲು ದಾರಿಯೇ ಇಲ್ಲ, ಕಷ್ಟವೆಲ್ಲ ಪಟ್ಟಣದವರಿಗೆ. ಇದ್ದ ಜನವನ್ನು ಇದ್ದ ಜಾಗಕ್ಕೆ ಹಂಚಿ ನೋಡಿದರೆ ಅದು ನಿಜವೇ. ಆದರೆ ಕಾಫಿ ಗಿಡದ ಮೇಲೆ ಯಾರೂ ಮಲಗುವುದಿಲ್ಲ. ಕುಯ್ಲಿನ ಕಾಲ ಬಂತೆಂದರೆ ಹಣ್ಣು ಕುಯ್ಯಲು ಬಯಲುಸೀಮೆಯಿಂದ ಲಾರಿಯಲ್ಲಿ ಜನ ಬರುತ್ತಿದ್ದರು. ಒಂದು ಸಂಸಾರಕ್ಕೇ ಸಾಲದ ಕೋಣೆಯಲ್ಲಿ ಎರಡು ಸಂಸಾರ, ನಡುವೆ ಒಂದು ಹಳೆಯ ಸೀರೆಯ ಪರದೆ. ಹನ್ನೆರಡು ಕೋಣೆಗೆ ಒಂದು ನಲ್ಲಿ. ಗುಡ್ಡದ ಮೇಲೆ ಎಂಟು ಕೋಣೆಯ ಮನೆಯಲ್ಲಿ ಯಜಮಾನರು, ಅಮ್ಮಾವ್ರು, ಒಬ್ಬ ಮೊಮ್ಮಗ. ಇದೆಲ್ಲ ಸೇರಿ ವರದಿಯಲ್ಲಿ ‘ವಿರಳ ಜನವಸತಿ’ ಎಂಬ ಒಂದೇ ಸಾಲಾಗುತ್ತಿತ್ತು. ಆ ಸಾಲನ್ನು ಬರೆಯುತ್ತಿದ್ದವಳೂ ನಾನೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದ ಒಂದು ಕುಯ್ಲಿನಲ್ಲಿ ಆ ಲೈನಿನ ಮೂರನೇ ಕೋಣೆಯ ಮಗುವಿಗೆ ದಡಾರ ಬಂತು. ಜನ ದಡಾರ ಅನ್ನುವುದಿಲ್ಲ, ಅಮ್ಮ ಆಗಿದೆ ಅನ್ನುತ್ತಾರೆ. ನಾನು ಹೋಗುವಷ್ಟರಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಯಾಗಿತ್ತು. ಆ ಮನೆಯಲ್ಲಿ ಒಗ್ಗರಣೆ ನಿಂತಿತು. ಪರದೆಯ ಆಚೆಗಿದ್ದ ಸಂಸಾರವನ್ನು ಬೇರೆ ಕೋಣೆಗೆ ಸಾಗಿಸಿದ್ದರು. ಬೇವು ಕಟ್ಟಿದ ಹೊಸ್ತಿಲನ್ನು ಒಬ್ಬರೂ ದಾಟುತ್ತಿರಲಿಲ್ಲ. ನೀರು ಬೇಕೆಂದರೆ ಕೊಡ ಹೊರಗಿಡುವುದು, ಪಕ್ಕದವರು ತುಂಬಿಸಿ ದೂರ ಸರಿಯುವುದು. ನಾನು ಗಂಟಲು ಹರಿಯುವಂತೆ ಕಿರುಚಿದರೂ ಕೇಳದ ಜನ ಎಂದು ಯಾರನ್ನು ಬೈಯುತ್ತಿದ್ದೆನೋ ಅವರೇ ಒಂದು ಹಿಡಿ ಸೊಪ್ಪಿನ ಮಾತನ್ನು ಇಷ್ಟು ಶಿಸ್ತಾಗಿ ಪಾಲಿಸುತ್ತಿದ್ದರು. ನನಗೆ ಸಮಾಧಾನವೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಲೈನಿಗೆಲ್ಲ ಹಿರಿಯಳೆಂದರೆ ಮೇಸ್ತ್ರಿಯ ತಾಯಿ. ಕೆಲಸದವರನ್ನು ನೋಡಿಕೊಳ್ಳುವ ಮೇಸ್ತ್ರಿಯೇ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ. ಬೇವು ಯಾವಾಗ ಕಟ್ಟಬೇಕು, ಯಾವಾಗ ಬಿಚ್ಚಬೇಕು ಎಂಬುದೆಲ್ಲ ಅವಳ ತೀರ್ಮಾನ. ನಾನು ಅವಳಿಗೆ ಹೇಳಿದೆ, “ಅಜ್ಜಿ, ಗುಳ್ಳೆ ಏಳೋವರೆಗೆ ಕಾಯಬೇಡಿ. ಜ್ವರ, ನೆಗಡಿ ಬಂದ ಮನೆಗೂ ಕಟ್ಟಿಸಿ. ಗುಳ್ಳೆ ಏಳೋದಕ್ಕೆ ಮೊದಲೇ ಇದು ಹರಡ್ತದೆ.”

ಅಜ್ಜಿ ಎಲೆಯಡಿಕೆ ಉಗಿದು ಬಂದು ನಿಧಾನಕ್ಕೆ ಹೇಳಿದಳು, “ಅದೆಂಥ ಮಾತು ಹೇಳ್ತೀರಿ ನರ್ಸಮ್ಮ. ಅಮ್ಮ ಬರದೆ ಬೇವು ಕಟ್ಟಿದ್ರೆ ಬಾ ಅಂತ ಕರ್ದ ಹಾಗೆ ಆಗ್ತದೆ. ಮಕ್ಳಿರೋ ಮನೆ, ನಾ ಅಂಥ ಕೆಲ್ಸ ಮಾಡೂದಿಲ್ಲ.”

ನಾನು ಮೂಢನಂಬಿಕೆ ಎಂದು ಕೂಗಾಡಿದೆ. ಅವಳು ಕೇಳಿಸಿಕೊಂಡಳು, ಅಷ್ಟೇ. ಸಿಟ್ಟಿನಲ್ಲೇ ಗುಡ್ಡ ಹತ್ತಿ ಅಮ್ಮಾವ್ರಿಗೆ ವರದಿ ಒಪ್ಪಿಸಿದೆ. “ಈ ಜನ ಮಾತು ಕೇಳಲ್ಲ ಅಮ್ಮಾವ್ರೇ, ಎಷ್ಟು ಹೇಳಿದ್ರೂ ಅಷ್ಟೇ” ಅಂದೆ. ಅವರು ಆವತ್ತೇ ಗೇಟಿಗೆ ಬೀಗ ಹಾಕಿಸಿದರು. ಲೈನಿನವರು ಯಾರೂ ಮೇಲೆ ಬರಬಾರದು, ಮೊಮ್ಮಗ ಕೆಳಗೆ ಇಳಿಯಬಾರದು. ನಾನು ಅದನ್ನು ‘ಉತ್ತಮ ಸಹಕಾರ’ ಎಂದು ಬರೆದುಕೊಂಡೆ.

ಅದರ ಮಾರನೆಯ ದಿನ ಗುರುವಾರ, ಲಸಿಕೆಯ ದಿನ. ಉಪಕೇಂದ್ರದ ಬೆಂಚಿನ ಮೇಲೆ ನಾಲ್ಕೈದು ತಾಯಂದಿರಿದ್ದರು. ಕೊನೆಯಲ್ಲಿ ಕೂತಿದ್ದವಳು ಕುಯ್ಲಿಗೆ ಬಂದ ಬಯಲುಸೀಮೆಯ ಹೆಂಗಸು, ಇಪ್ಪತ್ತು ವರ್ಷವಿರಬಹುದು. ಮಡಿಲಲ್ಲಿ ಹೆಣ್ಣುಮಗು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಳು.

“ನರ್ಸಮ್ಮ, ನಮ್ ಪಕ್ಕದ ಮನೆ ಕೂಸಿಗೆ ಅಮ್ಮ ಆಗೈತೆ. ನನ್ ಮಗೀಗೆ ಅದುರ ಸೂಜಿ ಹಾಕ್ಬುಡಿ” ಅಂದಳು.

ನಾನು ಕಾರ್ಡು ನೋಡಿದೆ. ದಡಾರದ ಚುಚ್ಚುಮದ್ದು ಒಂಬತ್ತು ತಿಂಗಳು ತುಂಬಿದ ಮೇಲೆ ಎಂದು ನಿಯಮ. ಈ ಮಗುವಿಗೆ ಒಂಬತ್ತು ತುಂಬಲು ಇನ್ನೂ ಇಪ್ಪತ್ತಾರು ದಿನ ಇತ್ತು.

“ಈಗ ಆಗಲ್ಲ. ನಾಲ್ಕನೇ ಗುರುವಾರ ಬಾ.”

“ಇಪ್ಪತ್ತಾರು ದಿನ ಏನ್ ಮಹಾ ನರ್ಸಮ್ಮ. ಗ್ವಾಡೆ ಆಚ್ಗೇ ಐತೆ ಆ ಕೂಸು. ನಂಗೆ ಕೈಕಾಲು ನಡುಗ್ತಾವೆ.”

“ನೀನು ಡಾಕ್ಟ್ರಾ? ಹೇಳಿದ ದಿನ ಬಾ ಅಂದ್ರೆ ಬರಬೇಕು. ಮೊದ್ಲೇ ಬಂದು ನನ್ನ ತಲೆ ತಿನ್ನಬೇಡ” ಎಂದು ಬೈದು, ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಆ ತಾರೀಖು ಬರೆದೆ, ಕೆಳಗೆ ಎರಡು ಗೆರೆ ಎಳೆದೆ. ಅವಳಿಗೆ ಓದು ಬರುತ್ತಿರಲಿಲ್ಲ. ಕೆಂಪು ಅಕ್ಷರದ ಮೇಲೆ ಬೆರಳಾಡಿಸಿ, ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಆವತ್ತು ಇನ್ನಿಬ್ಬರು ಮಕ್ಕಳಿಗೆ ದಡಾರದ ಮದ್ದು ಹಾಕಿದ್ದೆ. ಸೀಸೆ ತೆರೆದೇ ಇತ್ತು. ತೆರೆದ ಸೀಸೆಯನ್ನು ಕೆಲವು ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಅದೂ ನಿಯಮ. ಸಂಜೆ, ಉಳಿದ ಮದ್ದನ್ನು ಚೆಲ್ಲಿ ಸೀಸೆ ತೊಳೆದು ಲೆಕ್ಕಕ್ಕೆ ಇಟ್ಟೆ. ಆಗ ಒಂದು ಕ್ಷಣವೂ ನನ್ನ ಕೈ ತಡೆಯಲಿಲ್ಲ.

ಶನಿವಾರದ ಹೊತ್ತಿಗೆ ಇನ್ನೆರಡು ಬಾಗಿಲಿಗೆ ಬೇವು ಬಂತು. ಮೇಲಿನಿಂದ ಆದೇಶವೂ ಬಂತು: ಮಕ್ಕಳು ಒಟ್ಟಿಗೆ ಸೇರುವ ಜಾಗಗಳನ್ನೆಲ್ಲ ಮುಚ್ಚಿಸಬೇಕು. ಎಸ್ಟೇಟಿನಲ್ಲಿ ಮಕ್ಕಳ ಮನೆ ಎಂದು ಒಂದಿತ್ತು. ತಾಯಂದಿರು ಹಣ್ಣು ಕುಯ್ಯಲು ಹೋದಾಗ ಕೂಸುಗಳನ್ನು ಬಿಟ್ಟು ಹೋಗುವ ಉದ್ದನೆಯ ಹಜಾರ. ಕಾಫಿ ಒಣಗಿಸುವ ಕಣದ ಪಕ್ಕ, ಎರಡೂ ಕಡೆ ದೊಡ್ಡ ಕಿಟಕಿ, ಸಾಲಾಗಿ ಸೀರೆಯ ಜೋಲಿಗಳು, ನೋಡಿಕೊಳ್ಳಲು ಒಬ್ಬ ಆಯಾ. ಆದೇಶ ಕೈಗೆ ಬಂದ ಒಂದು ಗಂಟೆಯೊಳಗೆ ನಾನು ಅದಕ್ಕೆ ಬೀಗ ಹಾಕಿಸಿದೆ. ಆಯಾಳನ್ನು ಅವಳ ಊರಿಗೆ ಕಳಿಸಿದೆ. ರಿಜಿಸ್ಟರಿನಲ್ಲಿ ‘ಮುಚ್ಚಲಾಗಿದೆ’ ಎಂದು ಬರೆದು ರುಜು ಹಾಕಿದೆ. ತಾಲ್ಲೂಕಿನಲ್ಲೇ ಮೊದಲು ಮುಚ್ಚಿಸಿದವಳು ನಾನಂತೆ. ಅದಕ್ಕೂ ಹೊಗಳಿದರು.

ಮಕ್ಕಳು ಎಲ್ಲಿಗೆ ಹೋಗುತ್ತಾರೆ ಎಂದು ನಾನು ಕೇಳಲಿಲ್ಲ. ಮನೆಗೆ ಹೋಗುತ್ತಾರೆ ಅಂದುಕೊಂಡೆ. ಮನೆ ಅಂದರೆ ನನ್ನ ತಲೆಯಲ್ಲಿದ್ದದ್ದು ಆಲ್ದೂರಿನ ನಮ್ಮ ಮನೆ, ಒಳಗೆ ಒಬ್ಬರಲ್ಲ ಒಬ್ಬರು ಇದ್ದೇ ಇರುವ ಮನೆ. ಆ ವಾರ ಬೇರೆ ಕಡೆಗಳಿಗೂ ದಡಾರ ಹಬ್ಬಿ ನಾನು ದಿನಕ್ಕೆ ಹತ್ತು ಮೈಲಿ ನಡೆಯುತ್ತಿದ್ದೆ. ಆ ಲೈನಿಗೆ ಮತ್ತೆ ಹೋದದ್ದು ಬೀಗ ಹಾಕಿಸಿದ ಎಂಟನೆಯ ದಿನ.

ಬೆಳಿಗ್ಗೆ ಹತ್ತು ಗಂಟೆ. ಲೈನು ಬಿಕೋ ಅನ್ನುತ್ತಿತ್ತು. ಎಲ್ಲರೂ ತೋಟದಲ್ಲಿ. ಬೇವು ಕಟ್ಟಿದ ಮೂರು ಮನೆಗಳಲ್ಲಿ ಮಾತ್ರ ತಾಯಂದಿರು ಒಳಗಿದ್ದರು. ನನಗೆ ಖುಷಿಯಾಯಿತು, ಎಲ್ಲ ಹೇಳಿದ ಹಾಗೇ ನಡೆಯುತ್ತಿದೆ ಎಂದುಕೊಂಡೆ. ಆಗ ಕೊನೆಯ ಕೋಣೆಯಿಂದ ಒಂದು ಕೆಮ್ಮು ಕೇಳಿತು. ಅದರ ಬೆನ್ನಿಗೆ ಇನ್ನೊಂದು, ಬೇರೆ ಗಂಟಲಿನದು. ಆಮೇಲೆ ಮೂರು ನಾಲ್ಕು ಒಟ್ಟಿಗೆ.

ಅದು ಅಜ್ಜಿಯ ಕೋಣೆ. ಬಾಗಿಲು ತಳ್ಳಿದೆ. ಒಳಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಚಳಿಗಾಳಿ ಸೋಕಬಾರದೆಂದು ಇದ್ದ ಒಂದೇ ಕಿಟಕಿಗೆ ಗೋಣಿ ತುರುಕಿದ್ದಳು. ಮೂಲೆಯಲ್ಲಿ ಕೆಂಡ. ಆ ಹತ್ತಡಿ ಕೋಣೆಯಲ್ಲಿ, ಚಾಪೆಯ ಮೇಲೆ, ಜೋಲಿಯಲ್ಲಿ, ಅಜ್ಜಿಯ ಮಡಿಲಲ್ಲಿ, ಹದಿನಾಲ್ಕು ಮಕ್ಕಳಿದ್ದರು. ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

“ಇದೇನಜ್ಜಿ ಇದು!”

ಅಜ್ಜಿಗೆ ನನ್ನ ಗಾಬರಿ ಅರ್ಥವಾಗಲಿಲ್ಲ. “ಮಕ್ಳ ಮನೆಗೆ ನೀವು ಬೀಗ ಹಾಕಿಸಿದ್ರಲ್ಲ ನರ್ಸಮ್ಮ. ಇವ್ರ ತಾಯಂದ್ರು ಗಿಡದ ಬುಡದಲ್ಲಿ ಮಲಗಿಸ್ತಾರಾ? ಎಲ್ರೂ ಇಲ್ಲಿ ತಂದು ಬಿಟ್ರು. ನಾ ನೇಮ ಬಿಟ್ಟಿಲ್ಲ ಮಾರಾಯ್ರೆ. ಬೇವು ಕಟ್ಟಿದ ಮನೆದು ಒಂದು ಕೂಸನ್ನೂ ಒಳಗೆ ಸೇರಿಸ್ಲಿಲ್ಲ.”

ನಿಜವೇ. ಅವಳು ತನ್ನ ನೇಮ ಬಿಟ್ಟಿರಲಿಲ್ಲ, ನಾನು ನನ್ನದನ್ನು ಬಿಟ್ಟಿರಲಿಲ್ಲ. ಗುಳ್ಳೆ ಏಳದ, ಆಗಲೇ ಕೆಮ್ಮುವ ಮಕ್ಕಳು ಈ ಎರಡು ನೇಮಗಳ ನಡುವೆ ಉಳಿದುಬಿಟ್ಟಿದ್ದರು. ಗಾಳಿಯಾಡುವ ಹಜಾರ ಅತ್ತ ಖಾಲಿ ಬಿದ್ದಿತ್ತು, ಬಾಗಿಲಿಗೆ ನನ್ನದೇ ಬೀಗ.

ಅಜ್ಜಿಯ ಮಡಿಲಲ್ಲಿದ್ದ ಕೂಸನ್ನು ನೋಡಿದೆ. ಬಯಲುಸೀಮೆಯವಳ ಮಗು. ಕಣ್ಣು ಕೆಂಪಾಗಿ ನೀರು ಸುರಿಸುತ್ತಿತ್ತು. ಮೈ ಮುಟ್ಟಿದೆ, ಕಾದಿತ್ತು. ಕಿವಿಯ ಹಿಂದೆ ಕೂದಲು ಸರಿಸಿ ನೋಡಿದೆ, ಗುಳ್ಳೆ ಮೊದಲು ಅಲ್ಲೇ ಏಳುವುದು. ಇನ್ನೂ ಏನೂ ಇರಲಿಲ್ಲ. ಇಲ್ಲ ಎಂದು ಖುಷಿಪಡಲು ನನಗೆ ಧೈರ್ಯ ಬರಲಿಲ್ಲ.

ಆವತ್ತು ಮೊದಲ ಸಲ ಆದೇಶ ಮುರಿದೆ. ಬೀಗ ತೆಗೆಸಿದೆ, ಕಿಟಕಿಗಳನ್ನೆಲ್ಲ ತೆರೆಸಿದೆ, ಕೆಮ್ಮುವ ಮಕ್ಕಳನ್ನು ಒಂದು ತುದಿಗೆ, ಉಳಿದವರನ್ನು ಇನ್ನೊಂದು ತುದಿಗೆ ಮಲಗಿಸಿದೆ. ಅಜ್ಜಿಯನ್ನು ಹಜಾರದ ನಡುವೆ ಕೂರಿಸಿದೆ. ಆಮೇಲೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಆ ಮೂರು ಮೈಲಿ ನಡೆದು ಹೋಗುವುದು, ಒಂದೊಂದೇ ಕಿವಿಯ ಹಿಂದೆ ಕೂದಲು ಸರಿಸಿ ನೋಡುವುದು. ದೇವರೇ, ಆ ಒಂದು ಮಗುವನ್ನು ಬಿಟ್ಟುಬಿಡು ಎಂದು ಹೊರನಾಡಿನ ಅಮ್ಮನಿಗೆ ಹರಕೆ ಹೊತ್ತೆ. ಉಳಿದ ಹದಿಮೂರು ಮಕ್ಕಳ ಮುಖ ನೋಡುವಾಗ ಆ ಹರಕೆಗೆ ನಾಚಿಕೆಯೂ ಆಗುತ್ತಿತ್ತು.

ಮೂರನೆಯ ದಿನ ಆ ಮಗುವಿನ ಕಿವಿಯ ಹಿಂದೆ ಗುಳ್ಳೆ ಕಂಡಿತು. ಐದನೆಯ ದಿನ ಉಸಿರು ಬಿಗಿಯಿತು. ಪಕ್ಕೆ ಒಳಗೆ ಎಳೆದುಕೊಳ್ಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ತಾಯಿ ತೋಟದಿಂದ ಓಡಿ ಬಂದಳು, ಕೈಯಲ್ಲಿ ಇನ್ನೂ ಹಣ್ಣಿನ ಅಂಟು. ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು, ನಾನು ಏನು ಹೇಳಿದರೆ ಅದನ್ನು ಮಾಡಲು.

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಗುಡ್ಡದ ಮನೆಯ ಗೇಟಿಗೆ ಓಡಿದೆ. ಅಮ್ಮಾವ್ರು ಜಗುಲಿಯಿಂದ ಇಳಿಯಲಿಲ್ಲ. ಮೊಮ್ಮಗನನ್ನು ಬೆನ್ನ ಹಿಂದೆ ಸರಿಸಿಕೊಂಡು, “ಅಲ್ಲೇ ನಿಲ್ಲಿ ಸಿಸ್ಟರ್” ಎಂದು ಕೂಗಿದರು. ಜೀಪು ಬೇಕೆಂದೆ. ಕೂಡಲೇ ಡ್ರೈವರನ್ನು ಕರೆದು ಕೀ ಕೊಟ್ಟರು. “ಬೇಗ ಹೋಗಿ. ಡೀಸೆಲ್ ತುಂಬಿದೆ. ಆದ್ರೆ ಡ್ರೈವರ್ ವಾಪಸ್ ಬಂದ್ಮೇಲೆ ಹದಿನೈದು ದಿನ ಮೇಲೆ ಬರೋದು ಬೇಡ.” ಅವರನ್ನು ಕೆಟ್ಟವರೆನ್ನಲು ನನಗೆ ಬಾಯಿಲ್ಲ. ಅವರಿಗೆ ಹಾಕಿಕೊಳ್ಳಲು ಗೇಟಿತ್ತು, ಹಾಕಿಕೊಂಡರು. ಲೈನಿನವರಿಗೂ ಒಂದು ಗೇಟು, ಎಂಟು ಕೋಣೆ ಇದ್ದಿದ್ದರೆ ಅವರೂ ‘ಉತ್ತಮ ಸಹಕಾರ’ ಕೊಡುತ್ತಿದ್ದರು.

ಮೂಡಿಗೆರೆಯವರೆಗೆ ಮಗುವನ್ನು ನಾನೇ ನೆಟ್ಟಗೆ ಹಿಡಿದುಕೊಂಡಿದ್ದೆ. ಪ್ರತಿ ತಿರುವಿನಲ್ಲೂ ಉಸಿರು ನಿಂತಿತೇನೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು. ವಯಸ್ಸಾದ ಡಾಕ್ಟರು ಕಾರ್ಡು ತಿರುಗಿಸಿ ನೋಡಿ, ಕೆಂಪು ತಾರೀಖಿನ ಮೇಲೆ ಬೆರಳಿಟ್ಟು ನನ್ನನ್ನು ಪಕ್ಕಕ್ಕೆ ಕರೆದರು.

“ಲೈನಲ್ಲಿ ಕೇಸ್ ಇದೆ ಅಂತ ಆವತ್ತೇ ಗೊತ್ತಿತ್ತಾ?”

“ಗೊತ್ತಿತ್ತು ಸಾರ್.”

“ಇಂಥ ಹೊತ್ತಲ್ಲಿ ಆರು ತಿಂಗಳು ದಾಟಿದ ಮಗುಗೂ ಹಾಕಬಹುದಿತ್ತಲ್ಲಮ್ಮ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ.”

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಸಮಜಾಯಿಷಿ ಕೊಡಬಹುದಿತ್ತು. ಆ ಗುರುವಾರ ಸಂಜೆ ಬಚ್ಚಲಿನಲ್ಲಿ ಚೆಲ್ಲಿದ ಮದ್ದು ಕಣ್ಣ ಮುಂದೆ ಬಂತು.

ನಾಲ್ಕು ದಿನ ಯಾರೂ ಏನೂ ಹೇಳುವಂತಿರಲಿಲ್ಲ. ಐದನೆಯ ದಿನ ಮಗು ಮೊಲೆ ಕಚ್ಚಿತು. ಬದುಕಿತು. ಲೈನಿನ ಉಳಿದ ಮಕ್ಕಳಲ್ಲೂ ಆರು ಮಂದಿಗೆ ಬಂದು ಹೋಯಿತು, ದೇವರ ದಯೆ, ಯಾರೂ ಹೋಗಲಿಲ್ಲ. ಆದರೆ ಈ ಮಗುವಿನ ಬಲಗಿವಿ ಸೋರಲು ಶುರುವಾದದ್ದು ನಿಲ್ಲಲಿಲ್ಲ. ಆ ಕಿವಿ ಮುಂದೆ ಕೇಳಿಸಲಿಕ್ಕಿಲ್ಲ ಎಂದು ಡಾಕ್ಟರು ನನಗೆ ಹೇಳಿದರು. ತಾಯಿಗೆ ಹೇಳುವ ಕೆಲಸ ನನ್ನದು. ನಾನು ಹೇಳಿದೆ, ಆದರೆ ಅರ್ಧ ಮಾತ್ರ. ಕಿವಿಯ ವಿಷಯ ಹೇಳಿದೆ. ಸೀಸೆಯ ವಿಷಯ ಹೇಳಲಿಲ್ಲ.

ಮಗುವನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮುಂದಿನ ವಾರದ ಗುರುವಾರ, ಉಪಕೇಂದ್ರದ ಬಾಗಿಲು ತೆಗೆಯುವಾಗಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಮಗು ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಕೈಕಾಲು ಕಡ್ಡಿಯಾಗಿದ್ದವು, ಬಲಗಿವಿಯಲ್ಲಿ ಹತ್ತಿ.

“ಏನಾಯ್ತು? ಮತ್ತೆ ಜ್ವರ ಬಂತಾ?”

“ಏನಿಲ್ಲ ನರ್ಸಮ್ಮ” ಎಂದು ಸೆರಗಿನ ಗಂಟು ಬಿಚ್ಚಿ ಕಾರ್ಡು ತೆಗೆದಳು. ಸುಕ್ಕಾಗದಂತೆ ಇಟ್ಟುಕೊಂಡಿದ್ದಳು. ಕೆಂಪು ಅಕ್ಷರದ ಮೇಲೆ ಬೆರಳಿಟ್ಟು ನನ್ನ ಕಡೆ ಚಾಚಿದಳು. “ಇವತ್ತಲ್ವಾ ನೀವು ಬರಾಕೇಳಿದ್ದು, ನಾಕನೇ ಬೇಸ್ತವಾರ? ಮಂಗಳ್ವಾರಕ್ಕೇ ಒಂಬತ್ತು ತುಂಬ್ತು. ಮೊದ್ಲೇ ಬಂದ್ರೆ ಬೈತೀರಿ ಅಂತವ ಇವತ್ತಿನ್‌ಗಂಟ ಕಾದೆ.”